ಸತ್ತ ಕುದುರೆಯ ಬಾಲಕ್ಕೂ ಪೂರ್ತಿ ಬೆಲೆ

ಹದಿನೈದನೆಯ ಶತಮಾನದ ಕೊನೆಯಲ್ಲಿ ವಿಜಯನಗರವನ್ನಾಳಿದ ಸಾಳುವ ನರಸಿಂಹ ಕುದುರೆ ಕೊಳ್ಳುತ್ತಿದ್ದ ಬಗೆ ವಿಚಿತ್ರವಾಗಿತ್ತು. ಹೋರ್ಮುಜ್ ಮತ್ತು ಏಡನ್‌ಗಳಿಂದ ಹಡಗಿನಲ್ಲಿ ಬರುವ ಕುದುರೆಗಳನ್ನು ಅವನು ಬದುಕಿದ್ದರೂ ಕೊಳ್ಳುತ್ತಿದ್ದ, ಸತ್ತಿದ್ದರೂ ಕೊಳ್ಳುತ್ತಿದ್ದ. ಸಾವಿರ ಪರ್ದಾವಿಗೆ ಮೂರು ಎಂಬುದು ದರ. ನಡುಗಡಲಿನಲ್ಲಿ ಕುದುರೆ ಸತ್ತರೆ ಅದರ ಬಾಲವನ್ನು ತಂದು ತೋರಿಸಿದರೆ ಸಾಕು, ಜೀವಂತ ಕುದುರೆಗೆ ಕೊಡುವಷ್ಟೇ ಹಣ ಎಣಿಸಿ ಕೊಡುತ್ತಿದ್ದರು. ಇದನ್ನು ಬರೆದಿಟ್ಟವನು ಪೋರ್ಚುಗೀಸರ ಫೆರ್ನಾವೊ ನೂನಿಜ್. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಈತ ತಾನೂ ಕುದುರೆ ವ್ಯಾಪಾರಿಯೇ. ಅರ್ಧ ಶತಮಾನದ ಹಿಂದಿನ ಸಂಗತಿಯನ್ನು ಕೇಳಿ ಬರೆದವನು. ಕುದುರೆ ವ್ಯಾಪಾರಿ ಹೇಳುವ ಕುದುರೆಯ ಬೆಲೆಯನ್ನು ಒಂದಿಷ್ಟು ಎಚ್ಚರದಿಂದಲೇ ಕೇಳಬೇಕು. ಆದರೆ ಇಂಥ ಕರಾರು ಇತ್ತೆಂಬುದಕ್ಕೆ ಬೇರೆ ಸಾಕ್ಷಿಯೂ ಇದೆ.

ಅಂದಿನ ಕುದುರೆಗಳು ಇಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಭಟ್ಕಳ ಒಂದು. ಇಂದು ಅದೇ ಭಟ್ಕಳದ ಪೇಟೆಯಲ್ಲಿ ಹೊಸ ಮೊಬೈಲು ಕೊಂಡು ಮನೆಗೆ ಹೋಗಿ ಪೆಟ್ಟಿಗೆ ಬಿಚ್ಚಿದಾಗ ಅದು ಜೀವ ಹಿಡಿಯದೇ ಹೋದರೆ ವ್ಯಾಪಾರದ ಭಾಷೆಯಲ್ಲಿ ಅದಕ್ಕೆ ‘ಡೆಡ್ ಆನ್ ಅರೈವಲ್’ ಎಂದು ಹೆಸರು. ಬರುವಾಗಲೇ ಸತ್ತದ್ದು ಎಂದರ್ಥ. ಕೊಂಡ ವಸ್ತು ಕೆಟ್ಟರೆ ನಷ್ಟ ಯಾರ ತಲೆಗೆ ಎಂಬ ಪ್ರಶ್ನೆ ಈ ಕರಾವಳಿಗೆ ಹೊಸದಲ್ಲ. ಕಾಲಕಾಲಕ್ಕೆ ಬದಲಾದದ್ದು ಉತ್ತರ.

ಹದಿನಾಲ್ಕನೆಯ ಶತಮಾನದ ಆರಂಭದ ಪರ್ಷಿಯನ್ ಇತಿಹಾಸಕಾರ ವಸ್ಸಾಫ್, ಪಾಂಡ್ಯರ ನಾಡಿಗೆ ವರ್ಷಕ್ಕೆ 1,400 ಕುದುರೆಗಳು ಕಿಶ್ ದ್ವೀಪದಿಂದ ಹೋಗುತ್ತಿದ್ದ ವಿಚಾರ ಬರೆದಿದ್ದಾನೆ. ಒಂದೊಂದಕ್ಕೆ 220 ಚಿನ್ನದ ದೀನಾರು. ದಾರಿಯಲ್ಲಿ ಪೆಟ್ಟಾದರೂ ಸತ್ತರೂ ಬೆಲೆಯನ್ನು ಅರಮನೆಯ ಬೊಕ್ಕಸದಿಂದಲೇ ತೆರಬೇಕೆಂಬುದು ಷರತ್ತು. ಇದು ಇಂದಿನ ವಾರಂಟಿಯನ್ನು ತಲೆಕೆಳಗು ಮಾಡಿದ ಹಾಗಿದೆ: ಮಾರಿದವನಿಗೆ ಕೊಂಡವನೇ ಖಾತರಿ ಕೊಡುತ್ತಿದ್ದಾನೆ! ಕಾರಣ ಸರಳ. ದಕ್ಷಿಣದಲ್ಲಿ ಒಳ್ಳೆಯ ಯುದ್ಧದ ಕುದುರೆ ಹುಟ್ಟುತ್ತಿರಲಿಲ್ಲ, ಕುದುರೆಯಿಲ್ಲದೆ ಯುದ್ಧ ಗೆಲ್ಲುವಂತಿರಲಿಲ್ಲ. ತಾನು ಕೊಳ್ಳದಿದ್ದರೆ ಬಹಮನಿಯವರು ಕೊಳ್ಳುತ್ತಾರೆ ಎಂಬ ಭಯ ವಿಜಯನಗರದ ಅರಸರಿಗೆ. ಕೃಷ್ಣದೇವರಾಯ ತನ್ನ ‘ಆಮುಕ್ತಮಾಲ್ಯದ’ದಲ್ಲಿ ದೂರದೇಶದ ಆನೆ ಕುದುರೆ ವ್ಯಾಪಾರಿಗಳನ್ನು ಆದರಿಸಬೇಕೆಂದು ರಾಜನೀತಿ ಹೇಳುವುದೂ ಇದೇ ಕಾರಣಕ್ಕೆ. ಅಗತ್ಯ ಯಾರಿಗೆ ಹೆಚ್ಚೋ ನಷ್ಟ ಅವರಿಗೆ.

ಈ ವ್ಯಾಪಾರದ ಇನ್ನೊಂದು ಮುಖವನ್ನು ಮಾರ್ಕೊ ಪೋಲೊ ಕಂಡಿದ್ದ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಪಾಂಡ್ಯರ ಕರಾವಳಿಗೆ ಬಂದ ಅವನ ಪ್ರಕಾರ, ಅಲ್ಲಿನ ಅರಸ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಂಡರೂ ವರ್ಷದ ಕೊನೆಗೆ ನೂರು ಉಳಿಯುತ್ತಿರಲಿಲ್ಲ. ಅಲ್ಲಿಯವರಿಗೆ ಕುದುರೆ ಸಾಕುವ ಕ್ರಮ ತಿಳಿಯದು; ಲಾಳ ಕಟ್ಟುವವರು, ಕುದುರೆ ವೈದ್ಯರು ಇಲ್ಲ. ಕುದುರೆ ತರುವ ವ್ಯಾಪಾರಿಗಳು ಅಂಥವರನ್ನು ಬೇಕೆಂದೇ ಕರೆತರುತ್ತಿರಲಿಲ್ಲ, ಬರುವವರನ್ನೂ ತಡೆಯುತ್ತಿದ್ದರು. ಕುದುರೆ ಸತ್ತಷ್ಟೂ ಹೊಸದು ಮಾರಾಟವಾಗುತ್ತದಲ್ಲ! ವಸ್ಸಾಫ್ ಬೇರೊಂದು ದೋಷ ಹೇಳುತ್ತಾನೆ: ಇಲ್ಲಿನವರು ಕುದುರೆಗೆ ಹುರಿದ ಬಾರ್ಲಿ, ಬೆಣ್ಣೆ ಬೆರೆಸಿದ ಧಾನ್ಯ, ಕಾಯಿಸಿದ ಹಾಲು ಕೊಡುತ್ತಿದ್ದರಂತೆ. ಕುದುರೆ ಸತ್ತದ್ದು ರಿಪೇರಿ ಇಲ್ಲದೆಯೋ, ಬಳಸಿದವರ ತಪ್ಪಿನಿಂದಲೋ ಎಂಬ ವಾದ ಅಂದೇ ಇತ್ತೆನ್ನಬೇಕು.

ಹೊನ್ನಾವರವೂ ಈ ಕಡಲದಾರಿಯ ನಿಲ್ದಾಣ. ವಿಜಯನಗರಕ್ಕೆ ಬಂದಿದ್ದ ರಾಯಭಾರಿ ಅಬ್ದುರ್ ರಜಾಕ್ 1444ರಲ್ಲಿ ಹೋರ್ಮುಜ್‌ಗೆ ಮರಳಲು ಹಡಗು ಹತ್ತಿದ್ದು ಇಲ್ಲಿಯೇ. ಭಟ್ಕಳದಲ್ಲಿ ಹೋರ್ಮುಜ್‌ನ ಹಡಗುಗಳು ಕುದುರೆ, ಮುತ್ತು ಇಳಿಸಿ ಅಕ್ಕಿ, ಸಕ್ಕರೆ, ಕಬ್ಬಿಣ ತುಂಬಿಕೊಳ್ಳುತ್ತಿದ್ದುದನ್ನು ಬಾರ್ಬೋಸ ವರ್ಣಿಸಿದ್ದಾನೆ. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಮೇಲೆ ಕುದುರೆಗಳೆಲ್ಲ ಅಲ್ಲಿಗೇ ಬರಬೇಕೆಂದು ಪೋರ್ಚುಗೀಸರು ಹಟ ಹಿಡಿದರು. 1547ರ ಒಪ್ಪಂದದಲ್ಲಿ ಗೋವೆಗೆ ಬರುವ ಕುದುರೆ ವಿಜಯನಗರಕ್ಕೇ ಹೋಗಬೇಕು, ಬಿಜಾಪುರಕ್ಕಲ್ಲ ಎಂದಾಯಿತು. ಭಟ್ಕಳದ ಕುದುರೆ ಪೇಟೆ ಸೊರಗಿತು.

ಹಾಗೆಂದು ಕೊಳ್ಳುವವನ ಪರವಾದ ನ್ಯಾಯ ಈ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಕುದುರೆ ವ್ಯಾಪಾರದ ಈ ಕಥೆಗಳಿಗಿಂತ ಬಹಳ ಮೊದಲೇ ಯಾಜ್ಞವಲ್ಕ್ಯ ಸ್ಮೃತಿ, ಕೊಂಡ ವಸ್ತುವನ್ನು ಪರೀಕ್ಷಿಸಲು ಅವಧಿ ಗೊತ್ತುಮಾಡಿತ್ತು. ಬಿತ್ತನೆ ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪ್ರಾಣಿಗೆ 5 ದಿನ, ರತ್ನಕ್ಕೆ 7 ದಿನ, ಹಾಲು ಕೊಡುವ ಪ್ರಾಣಿಗೆ 3 ದಿನ. ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಎಂದೂ ಅದೇ ಸಾಲಿನಲ್ಲಿದೆ. ಮನುಷ್ಯರನ್ನೂ ಕೊಂಡು ಪರೀಕ್ಷಿಸುತ್ತಿದ್ದ ಕಾಲ ಅದು. ಈ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕನ್ನಡ ನಾಡಿನವನು, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವನು. ಬೀಜದ ಗುಣ ಮೊಳೆತ ಮೇಲೆಯೇ ತಿಳಿಯುವುದು. ಹಸುವಿನ ಹಾಲು ಮೂರು ದಿನ ಕರೆದರೆ ತಿಳಿಯುತ್ತದೆ. ದೋಷ ಹೊರಬೀಳಲು ಬೇಕಾಗುವ ಕಾಲಕ್ಕೆ ತಕ್ಕಂತೆ ಗಡುವು ಇಟ್ಟದ್ದರಲ್ಲಿ ಅನುಭವದ ಜಾಣತನವಿದೆ. ಇಂದಿನ ಕಂಪೆನಿಗಳು ಫೋನಿಗೆ ಒಂದು ವರ್ಷ, ಅದರ ಜೊತೆಗೆ ಬರುವ ಚಾರ್ಜರಿಗೆ ಹಲವೊಮ್ಮೆ ಆರೇ ತಿಂಗಳು ಎನ್ನುವಾಗ ಅಂಥ ಲೆಕ್ಕ ಕಾಣುವುದು ಕಷ್ಟ.

ಇಂಗ್ಲಿಷರ ನ್ಯಾಯ ಇಷ್ಟು ಉದಾರವಾಗಿರಲಿಲ್ಲ. ಲಂಡನ್ನಿನ ಅಕ್ಕಸಾಲಿಗನೊಬ್ಬ ವಿಷಹರ ‘ಬೆಜೋರ್’ ಕಲ್ಲೆಂದು ಹೇಳಿ ಒಂದು ಕಲ್ಲನ್ನು 100 ಪೌಂಡಿಗೆ ಮಾರಿದ. ಅದು ಬೆಜೋರ್ ಆಗಿರಲಿಲ್ಲ. 1603ರಲ್ಲಿ ನ್ಯಾಯಾಲಯ, ಮಾರುವವನು ಬರೀ ಹಾಗೆ ಹೇಳಿದರೆ ಸಾಲದು, ‘ವಾರಂಟಿ ಕೊಡುತ್ತೇನೆ’ ಎಂದಿರಬೇಕಿತ್ತು ಎಂದು ಕೊಂಡವನನ್ನು ಬರಿಗೈಯಲ್ಲಿ ಕಳಿಸಿತು. ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ತತ್ವ ಬೇರೂರಿದ್ದು ಹೀಗೆ. (ವಾರಂಟಿ, ಗ್ಯಾರಂಟಿ ಎರಡೂ ಮೂಲದಲ್ಲಿ ಒಂದೇ ಮಾತು, ಜರ್ಮಾನಿಕ್ ಮೂಲದ ‘ವ’ಕಾರ ಫ್ರೆಂಚರ ಬಾಯಲ್ಲಿ ‘ಗ’ಕಾರವಾಯಿತು.)

ಆದರೆ ನಷ್ಟ ತಮ್ಮದಾದಾಗ ಇಂಗ್ಲಿಷರೂ ಸುಮ್ಮನಿರಲಿಲ್ಲ. ಅದಕ್ಕೆ ಸಾಕ್ಷಿ ಕುಮಟೆ. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ, ಅಲ್ಲಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಹೋಗುತ್ತಿತ್ತು. ಊರಿನ ಹೆಸರೇ ಹತ್ತಿಯ ತಳಿಗೂ ನಿಂತು ‘ಕುಂಪ್ಟಾ’ ಹತ್ತಿ ಎಂದು ಪ್ರಸಿದ್ಧವಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಆ ಕಡೆಯ ಹತ್ತಿ ನಿಂತಾಗ ಇಲ್ಲಿನ ಬೆಲೆ ಗಗನಕ್ಕೇರಿತು. ಬೆಲೆಯೊಂದಿಗೆ ಕಲಬೆರಕೆಯೂ ಏರಿತು. ಅಂಡಿಗೆಗಳಲ್ಲಿ ಬೀಜ, ಮಣ್ಣು, ತೂಕಕ್ಕಾಗಿ ನೀರು. ಮುಂಬಯಿ ಸರಕಾರ 1829ರಲ್ಲೇ ಹತ್ತಿಯ ಮೋಸಕ್ಕೆ ಶಿಕ್ಷೆ ವಿಧಿಸುವ ಕಾನೂನು ಮಾಡಿತ್ತು. 1863ರಲ್ಲಿ ಅದನ್ನು ಬಿಗಿಗೊಳಿಸಿ ತಪಾಸಣಾಧಿಕಾರಿಗಳನ್ನು ನೇಮಿಸಿತು. ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ ಆಗ ಒಂದೇ ವರ್ಷ. ಗಿರಣಿಯ ದೊರೆ ಕೊಳ್ಳುವವನಾಗಿ, ಕರಾವಳಿಯ ದಲ್ಲಾಳಿ ಮಾರುವವನಾದಾಗ ‘ಎಚ್ಚರವಾಗಿರು’ ಎಂಬ ಉಪದೇಶ ಯಾರಿಗೂ ನೆನಪಾಗಲಿಲ್ಲ.

ಸಾಮಾನ್ಯ ಗ್ರಾಹಕನ ಸರದಿ ಬಂದದ್ದು ತಡವಾಗಿ. 1930ರ ಸರಕು ಮಾರಾಟ ಕಾಯಿದೆ, ಬಾಯಲ್ಲಿ ಹೇಳದಿದ್ದರೂ ಮಾಲು ವ್ಯಾಪಾರಯೋಗ್ಯವಾಗಿರಬೇಕೆಂಬ ಹೊಣೆಯನ್ನು ಆ ಬಗೆಯ ಮಾಲಿನ ವ್ಯಾಪಾರಿಯ ಮೇಲೆ ಹೊರಿಸಿತು. ಆದರೆ ಒಂದು ಕೆಟ್ಟ ರೇಡಿಯೋಗಾಗಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಜಿಲ್ಲೆಗೊಂದು ವೇದಿಕೆ ಕೊಟ್ಟಿತು. ಉತ್ತರ ಕನ್ನಡದ್ದು ಕಾರವಾರದಲ್ಲಿದೆ. ಭಟ್ಕಳದಿಂದ ಅಲ್ಲಿಗೆ ನೂರಿಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಹಿಂದಿನ ಕಾಯಿದೆಯಲ್ಲಿ ಮಾರಿದವನ ಊರು ಅಥವಾ ವ್ಯಾಜ್ಯ ಹುಟ್ಟಿದ ಊರಿನಲ್ಲೇ ದೂರು ಕೊಡಬೇಕಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಕಾಯಿದೆ ಗ್ರಾಹಕ ವಾಸಿಸುವ ಜಿಲ್ಲೆಯಲ್ಲೇ ದೂರಿಗೆ ಅವಕಾಶ ಕೊಟ್ಟಿತು. ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರದ ನಗರದ ಅಂಗಡಿಯಿಂದ ಅಂಚೆಯಲ್ಲಿ ಫೋನು ತರಿಸುವ ಹೊನ್ನಾವರದ ಗಿರಾಕಿಗೆ ಇದು ಸಣ್ಣ ಮಾತಲ್ಲ.

ಕರಾವಳಿಗೆ ಮಾತ್ರ ಎರಡು ವಿಶೇಷ ತೊಡಕುಗಳಿವೆ. ಒಂದು ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಈ ಮೂರು ಊರುಗಳಲ್ಲಿ ಮೀನು ಪೇಟೆಯಿಂದ ಬಸ್ ನಿಲ್ದಾಣದವರೆಗೆ ಎಲ್ಲವೂ ಒದ್ದೆ. ಫೋನಿನೊಳಗೆ ನೀರು ತಾಗಿದರೆ ಬಿಳಿಯಿಂದ ಕೆಂಪಾಗುವ ಪುಟ್ಟ ಚೀಟಿಯೊಂದು ಇರುತ್ತದೆ. ಅದು ಕೆಂಪಾಗಿದ್ದರೆ ಸಾಮಾನ್ಯವಾಗಿ ಕಂಪೆನಿ ವಾರಂಟಿ ಇಲ್ಲವೆನ್ನುತ್ತದೆ, ನೀರು ತಡೆಯುವ ಫೋನೆಂದು ಜಾಹೀರಾತು ಕೊಟ್ಟಿದ್ದರೂ. ಎರಡನೆಯದು ಕೊಲ್ಲಿಯ ನಂಟು. ಭಟ್ಕಳದ ನವಾಯತರೂ ಸೇರಿ ಇಲ್ಲಿನ ಅನೇಕ ಮನೆಗಳವರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ರಜೆಗೆ ಬರುವಾಗ ಫೋನು ತರುತ್ತಾರೆ. ಹೋರ್ಮುಜ್‌ನ ಕುದುರೆ ಬಂದದ್ದೂ ಆ ದಿಕ್ಕಿನಿಂದಲೇ. ಆದರೆ ಅನೇಕ ಕಂಪೆನಿಗಳ ವಾರಂಟಿ ಕೊಂಡ ದೇಶಕ್ಕಷ್ಟೇ ಸೀಮಿತ; ಕಡಲು ದಾಟಿದ ಮೇಲೆ ಇಲ್ಲಿನ ಸೇವಾ ಕೇಂದ್ರ ಅದನ್ನು ಮುಟ್ಟದಿರಬಹುದು.

ಆಗ ಉಳಿಯುವುದು ಪೇಟೆಯ ಪುಟ್ಟ ರಿಪೇರಿ ಅಂಗಡಿ. ಅಲ್ಲಿ ಬಿಚ್ಚಿದರೆ ವಾರಂಟಿ ರದ್ದೆಂಬ ಬೆದರಿಕೆ. ಅಸಲಿ ಬಿಡಿಭಾಗ ಸಿಗುವುದಿಲ್ಲ. ಮಾರ್ಕೊ ಪೋಲೊ ಹೇಳಿದ ಲಾಳಗಾರರ ಕಥೆ ಇಲ್ಲಿ ನೆನಪಾಗದೆ ಇರದು. ಕೇಂದ್ರ ಸರಕಾರ 2022ರಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ನೇಮಿಸಿತು. ಅದೇ ಡಿಸೆಂಬರಿನಲ್ಲಿ ಕಂಪೆನಿಗಳು ರಿಪೇರಿ ಮಾಹಿತಿ ನೀಡುವ ಜಾಲತಾಣ ತೆರೆಯಿತು. ಯುರೋಪಿನಲ್ಲಿ 2025ರ ಜೂನಿನಿಂದ, ಮಾರಾಟ ನಿಂತ ಮೇಲೂ ಫೋನಿನ ಮುಖ್ಯ ಬಿಡಿಭಾಗಗಳು ಏಳು ವರ್ಷ ಸಿಗಬೇಕೆಂಬ ನಿಯಮವಿದೆ. ಇಲ್ಲಿ ಅಂಥ ಕಡ್ಡಾಯ ಇನ್ನೂ ಬಂದಿಲ್ಲ.

ಸದ್ಯಕ್ಕೆ ಗ್ರಾಹಕನ ಕೈಯಲ್ಲಿರುವುದು ಕಾಗದ. ತಾರೀಖು ಹಾಕಿದ ಬಿಲ್ಲು, ಪೆಟ್ಟಿಗೆಯ ಮೇಲಿನ ಹದಿನೈದು ಅಂಕೆಯ ಐಎಂಇಐ ಸಂಖ್ಯೆ, ಸೇವಾ ಕೇಂದ್ರ ಕೊಡುವ ಜಾಬ್ ಶೀಟ್. ಫೋನು ಒಪ್ಪಿಸುವಾಗ ಅದರ ಮೇಲೆ ಗೀರು, ಬಿರುಕು, ತೇವ ಇಲ್ಲವೆಂದು ಆ ಹಾಳೆಯಲ್ಲೇ ಬರೆಸಿಕೊಂಡಿದ್ದರೆ, ಹಿಂದಿರುಗಿಸುವಾಗ ನೀರು ಹೋಗಿದೆ ಎಂದು ಹೇಳುವುದು ಕಂಪೆನಿಗೆ ಸುಲಭವಲ್ಲ. ವ್ಯಾಜ್ಯ ಹುಟ್ಟಿದ ಎರಡು ವರ್ಷದೊಳಗೆ ಆಯೋಗಕ್ಕೆ ದೂರು ಸಲ್ಲಿಸಬಹುದು. ಅಲ್ಲಿ ಅರಸನ ಮುಂದೆ ಹಿಡಿದ ಬಾಲದ ಕೆಲಸವನ್ನು ಈ ಹಾಳೆಯೇ ಮಾಡಬೇಕು.