ವರ್ತನೆ ಮನೆಗಳು

ಹೂವಿನವರಿಗೂ ಹಾಲಿನವರಿಗೂ ನಮ್ಮ ಕಡೆ ವರ್ತನೆ ಮನೆಗಳೆಂದು ಇರುತ್ತವೆ. ದಿನವೂ ತಪ್ಪದೆ ಹಾಕಿ, ತಿಂಗಳಿಗೊಮ್ಮೆ ಲೆಕ್ಕ ತೀರಿಸಿಕೊಳ್ಳುವ ಮನೆಗಳು. 1949ರಲ್ಲಿ ಕೈಗಾರಿಕಾ ಬಡಾವಣೆಯಾಗಿ ಶುರುವಾದ ನಮ್ಮ ರಾಜಾಜಿನಗರದ ಕಥೆ ಹೇಳುವವರು ಕಾರ್ಖಾನೆಗಳ ಹೆಸರು ಹೇಳುತ್ತಾರೆ. ಸಂಬಳದ ಆಸರೆಯಿಲ್ಲದೆ, ವರ್ತನೆಯನ್ನೇ ನಂಬಿ ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಹಪ್ಪಳ ಒತ್ತಿ ಸಂಸಾರ ತೂಗಿಸಿದ ಹೆಂಗಸರು ಅದರಲ್ಲಿ ಬರುವುದಿಲ್ಲ.

ಸಾಹಿತ್ಯ ಚರಿತ್ರೆಯಲ್ಲೂ ಹೀಗೇ. ಯಾರು ಯಾವ ಕಾದಂಬರಿ ಬರೆದರೆಂದು ನಾವು ಮೇಷ್ಟ್ರುಗಳು ಪರೀಕ್ಷೆಯಲ್ಲಿ ಕೇಳುತ್ತೇವೆ. ಬರೆದದ್ದನ್ನು ಮಾರಿ ಅವರು ಹೇಗೆ ಜೀವನ ಮಾಡಿದರೆಂದು ಕೇಳುವುದಿಲ್ಲ.

ಗಳಗನಾಥರನ್ನೇ ನೋಡಿ. ಹಾವೇರಿ ಸೀಮೆಯ ಗಳಗನಾಥ ಗ್ರಾಮದ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಮೊದಲು ನಮ್ಮಂತೆಯೇ ಶಾಲಾ ಶಿಕ್ಷಕರು. ಆ ಕೆಲಸ ಬಿಟ್ಟು ಬರವಣಿಗೆಗೆ ನಿಂತರು. ಮುಂಬಯಿ ಪ್ರಾಂತದ ಆ ಭಾಗದಲ್ಲಿ ಆಗ ಓದುಬಲ್ಲವರ ಮೇಲೆ ಮರಾಠಿಯ ಪ್ರಭಾವ ಬಲವಾಗಿತ್ತು. ಕನ್ನಡ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವ ರೂಢಿಯೇ ಕಡಿಮೆ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಸುತ್ತಿ ಮಾರಿದರು. ಇದನ್ನು ನಾವು ತ್ಯಾಗವೆಂದು ಹೊಗಳಿ ಸುಮ್ಮನಾಗುತ್ತೇವೆ. ನನಗೆ ಇದರಲ್ಲಿ ಕಸುಬಿನ ಜಾಣತನವೂ ಕಾಣುತ್ತದೆ. ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯಲ್ಲಿ ಅವರ ಕಾದಂಬರಿಗಳು ಕಂತುಕಂತಾಗಿ ಬರುತ್ತಿದ್ದವು. ಪುಸ್ತಕ ಒಮ್ಮೆ ಮಾರಿದರೆ ಮುಗಿಯಿತು. ಕಂತಿನ ಕಥೆ ಹಾಗಲ್ಲ, ಮುಂದಿನ ತಿಂಗಳಿಗೆ ಓದುಗನನ್ನು ಕಾಯಿಸಿ ಕೂರಿಸುತ್ತದೆ. ಪತ್ರಿಕೆ ತಡವಾದರೆ ‘ಏಕೆ ಬರಲಿಲ್ಲ’ ಎಂದು ಕೇಳುವವನು ಹುಟ್ಟಿಕೊಂಡನೆಂದರೆ ವರ್ತನೆ ಹತ್ತಿತೆಂದೇ ಅರ್ಥ.

ಗಂಡಸಾದ ಅವರು ಗಂಟು ಹೊತ್ತು ಹೊರಟರು. ಹೆಂಗಸು ಏನು ಮಾಡಬೇಕಿತ್ತು? ನಂಜನಗೂಡಿನ ತಿರುಮಲಾಂಬ (1887–1982) ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಅಂಥವರು ಹೊಸಿಲು ದಾಟಿ ಊರೂರು ತಿರುಗುವುದನ್ನು ಆ ಕಾಲ ಒಪ್ಪುತ್ತಿರಲಿಲ್ಲ. ತಂದೆಯ ಬೆಂಬಲದಿಂದ ಅವರು ‘ಸತೀಹಿತೈಷಿಣೀ’ ಎಂಬ ಗ್ರಂಥಮಾಲೆ ಹೂಡಿ, 1913ರಲ್ಲಿ ‘ಸುಶೀಲೆ’ ಕಾದಂಬರಿ ತಂದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಗ್ರಂಥಮಾಲೆ ಆಗಲಿ, ಪತ್ರಿಕೆ ಆಗಲಿ, ನಿಲ್ಲುವುದು ಚಂದಾದಾರರ ಮೇಲೆ. ವಿಳಾಸ ಬರೆದಿಡಬೇಕು, ಅಂಚೆಗೆ ಹಾಕಬೇಕು, ಬಾಕಿಯವರಿಗೆ ನೋಯದಂತೆ ನೆನಪಿಸಬೇಕು. ಬರೆಯುವ ಕೈಯೇ ಈ ಗುಮಾಸ್ತಿಕೆಗೂ ಕೂರಬೇಕು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1921ರಲ್ಲಿ ಆರಂಭಿಸಿದ ‘ಸರಸ್ವತಿ’ ನಾಲ್ಕು ದಶಕ ನಡೆಯಿತು. ನಾಲ್ಕು ದಶಕ ಚಂದಾ ಕೂಡಿಸುವುದೆಂದರೆ ಎಷ್ಟು ಮನೆಗಳ ಸ್ನೇಹ ಕಾಯ್ದುಕೊಂಡಿರಬೇಕು, ಲೆಕ್ಕ ಹಾಕಿ.

ಈ ದುಡಿಮೆಗೆ ನಮ್ಮಲ್ಲಿ ಗೌರವ ಕಡಿಮೆ. ‘ಮನೆಯಲ್ಲೇ ಏನೋ ಹೊಲಿಯುತ್ತಾಳೆ’ ಎಂದು ನಾವು ಹೆಂಗಸರೇ ಹೇಳುವುದನ್ನು ಕೇಳಿದ್ದೇನೆ. ಮೂವತ್ತೊಂದನೇ ತಾರೀಕು ಸಂಬಳ ಕೈಸೇರುವ ನಮ್ಮಂಥವರಿಗೆ ಹಾಗೆ ಹೇಳುವುದು ಸುಲಭ.

ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವಾಕೆಯ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇದೆ. ಒಬ್ಬೊಬ್ಬರಿಗೆ ಒಂದೊಂದು ಪುಟ: ತೋಳು, ಎದೆ, ಉದ್ದದ ಅಳತೆ, ಪಕ್ಕದಲ್ಲಿ ಪಿನ್ ಚುಚ್ಚಿದ ಬಟ್ಟೆಯ ಚೂರು. ಕೆಳಗೆ ‘ಮಗಳಿಗೆ ಶ್ರಾವಣದಲ್ಲಿ ನಿಶ್ಚಿತಾರ್ಥ’, ‘ಅತ್ತೆಯವರಿಗೆ ಕುತ್ತಿಗೆ ಆಳ ಬೇಡ’ ಎಂಬ ಟಿಪ್ಪಣಿ. ವಿಜಯನಗರಕ್ಕೋ ಕೆಂಗೇರಿಗೋ ಮನೆ ಬದಲಾಯಿಸಿದವರೂ ಬಸ್ಸು ಹತ್ತಿ ಇವಳಲ್ಲಿಗೇ ಬರುತ್ತಾರೆ. ಗೌರಿ ಹಬ್ಬಕ್ಕೆ ಹತ್ತು ದಿನವಿರುವಾಗ ಹೊಸಬರ ಬಟ್ಟೆ ಹಿಡಿಯುವುದಿಲ್ಲ. ಹೆಚ್ಚಿಗೆ ಕೊಡುತ್ತೇನೆಂದರೂ, ‘ಹಳೆಯವರದ್ದು ಮುಗೀಲಿ ತಾಳಿ, ಅಕ್ಕಾ’ ಎನ್ನುತ್ತಾಳೆ.