ಶಕ್ತಿ ಮೈಕ್ರೊಪ್ರೊಸೆಸರ್

ಶಕ್ತಿ ಎಂಬುದು ಚೆನ್ನೈನಲ್ಲಿರುವ ಮದ್ರಾಸ್ ಐ.ಐ.ಟಿ.ಯ ಗಣಕ ವಿಜ್ಞಾನ ವಿಭಾಗದಲ್ಲಿ ರೂಪುಗೊಂಡ ಮುಕ್ತ ಆಕರ ಮೈಕ್ರೊಪ್ರೊಸೆಸರ್‌ಗಳ ಒಂದು ಕುಟುಂಬವಾಗಿದೆ. ಪ್ರಾಧ್ಯಾಪಕ ವಿ. ಕಾಮಕೋಟಿ ಅವರ ನೇತೃತ್ವದ 'ರೈಸ್' ಸಂಶೋಧನಾ ತಂಡವು 2014ರಲ್ಲಿ ಈ ಯೋಜನೆಯನ್ನು ಆರಂಭಿಸಿತು. ಇದು 'ರಿಸ್ಕ್-ಫೈವ್' ಎಂಬ ಮುಕ್ತ ಆದೇಶಗಣವನ್ನು ಆಧರಿಸಿದೆ. ಶಕ್ತಿಯ ವಿನ್ಯಾಸವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು ಮತ್ತು ಶುಲ್ಕವಿಲ್ಲದೆ ತಮ್ಮ ಉತ್ಪನ್ನಗಳಲ್ಲಿ ಬಳಸಬಹುದು.

ಹಿನ್ನೆಲೆ

ಇಂದು ಮೇಜುಗಣಕಗಳು ಮತ್ತು ಸರ್ವರ್‌ಗಳಲ್ಲಿ ಇಂಟೆಲ್ ಹಾಗೂ ಎ.ಎಂ.ಡಿ. ಕಂಪನಿಗಳ 'ಎಕ್ಸ್86' ಪ್ರೊಸೆಸರ್‌ಗಳೂ, ಮೊಬೈಲ್ ಫೋನುಗಳಲ್ಲಿ 'ಆರ್ಮ್' ವಿನ್ಯಾಸದ ಪ್ರೊಸೆಸರ್‌ಗಳೂ ಪ್ರಧಾನವಾಗಿವೆ. ಎಕ್ಸ್86ರ ಮೂಲ 1978ರಲ್ಲಿ ಬಂದ ಇಂಟೆಲ್ 8086. ಆರ್ಮ್‌ನ ಮೊದಲ ಚಿಪ್ ಇಂಗ್ಲೆಂಡಿನ ಏಕಾರ್ನ್ ಕಂಪನಿಯಲ್ಲಿ 1985ರಲ್ಲಿ ಸಿದ್ಧವಾಯಿತು. ಆರ್ಮ್ ಕಂಪನಿಯು ತನ್ನ ವಿನ್ಯಾಸವನ್ನು ಬಳಸುವವರಿಂದ ಪರವಾನಗಿ ಶುಲ್ಕ ಮತ್ತು ರಾಯಧನ ಪಡೆಯುತ್ತದೆ. ಎಕ್ಸ್86 ಪ್ರೊಸೆಸರ್ ತಯಾರಿಸುವ ಹಕ್ಕು ಬೆರಳೆಣಿಕೆಯಷ್ಟು ಕಂಪನಿಗಳಿಗೆ ಸೀಮಿತವಾಗಿದೆ.

ಪರಾವಲಂಬನೆಯ ತೊಡಕು ಭಾರತಕ್ಕೆ 1980ರ ದಶಕದಲ್ಲಿಯೇ ಅನುಭವಕ್ಕೆ ಬಂದಿತ್ತು. ಅಮೆರಿಕದ ಕ್ರೇ ಸೂಪರ್‌ಕಂಪ್ಯೂಟರ್‌ಗಳನ್ನು ಪಡೆಯಲು ರಫ್ತು ನಿರ್ಬಂಧಗಳು ಅಡ್ಡಿಯಾದಾಗ, 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಸ್ಥಾಪನೆಯಾಯಿತು. ಅದು 1991ರಲ್ಲಿ 'ಪರಮ್ 8000' ಎಂಬ ಸೂಪರ್‌ಕಂಪ್ಯೂಟರನ್ನು ನಿರ್ಮಿಸಿತು. ಆದರೆ ಆ ಯಂತ್ರದೊಳಗಿದ್ದ ಪ್ರೊಸೆಸರ್‌ಗಳು ಬ್ರಿಟನ್ನಿನ ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್‌ಗಳು. ಯಂತ್ರವು ಸ್ವದೇಶಿಯಾದರೂ ಅದರ ಹೃದಯಭಾಗ ವಿದೇಶದ್ದಾಗಿತ್ತು.

ಆದೇಶಗಣ ಮತ್ತು ರಿಸ್ಕ್-ಫೈವ್

ಕೂಡು, ಕಳೆ, ಸ್ಮೃತಿಯಿಂದ ಓದು, ಮತ್ತೊಂದು ಆದೇಶಕ್ಕೆ ಜಿಗಿ ಮುಂತಾಗಿ ಒಂದು ಪ್ರೊಸೆಸರ್‌ಗೆ ಅರ್ಥವಾಗುವ ಮೂಲ ಆದೇಶಗಳ ಒಟ್ಟು ಪಟ್ಟಿಯೇ ಆದೇಶಗಣ. ತಂತ್ರಾಂಶ ಮತ್ತು ಯಂತ್ರಾಂಶಗಳ ನಡುವಿನ ಒಪ್ಪಂದವೂ ಅದೇ. ಆದೇಶಗಣವನ್ನು ಲಿಪಿಗೆ ಹೋಲಿಸಿದರೆ, ಪ್ರೊಸೆಸರ್‌ನ ವಿನ್ಯಾಸವು ಆ ಲಿಪಿಯಲ್ಲಿ ಬರೆದ ಗ್ರಂಥಕ್ಕೂ, ಚಿಪ್ ತಯಾರಿಕೆಯು ಮುದ್ರಣಕ್ಕೂ ಸಮಾನವಾಗುತ್ತವೆ. ಈ ಮೂರರ ಒಡೆತನವೂ ಬೇರೆ ಬೇರೆಯಾಗಿರಬಹುದು.

ರಿಸ್ಕ್-ಫೈವ್ 2010ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಆರಂಭವಾಯಿತು. ಕ್ರಿಸ್ಟೆ ಅಸನೊವಿಚ್, ಡೇವಿಡ್ ಪ್ಯಾಟರ್ಸನ್, ಆ್ಯಂಡ್ರೂ ವಾಟರ್‌ಮನ್ ಮತ್ತು ಯುನ್‌ಸುಪ್ ಲೀ ಇದರ ಪ್ರಮುಖ ರೂವಾರಿಗಳು. ಬರ್ಕ್ಲಿಯಲ್ಲಿ ರೂಪುಗೊಂಡ ಈ ಮಾದರಿಯ ಐದನೆಯ ಆದೇಶಗಣವಾದ್ದರಿಂದ ಇದಕ್ಕೆ ಈ ಹೆಸರು ಬಂದಿತು. ಇದರ 32 ಬಿಟ್ ಮೂಲರೂಪದಲ್ಲಿ ಸುಮಾರು 40 ಆದೇಶಗಳಷ್ಟೇ ಇವೆ. ಅಗತ್ಯಕ್ಕೆ ತಕ್ಕಂತೆ ವಿಸ್ತರಣೆಗಳನ್ನು ಸೇರಿಸಿಕೊಳ್ಳಬಹುದು. ಇದನ್ನು ನೋಡಿಕೊಳ್ಳಲು 2015ರಲ್ಲಿ ರಚನೆಯಾದ ಪ್ರತಿಷ್ಠಾನವು, ಯಾವುದೇ ಒಂದು ದೇಶದ ರಾಜಕೀಯಕ್ಕೆ ಸಿಲುಕಬಾರದೆಂಬ ಕಾಳಜಿಯಿಂದ 2020ರಲ್ಲಿ ಸ್ವಿಟ್ಜರ್ಲೆಂಡಿಗೆ ನೆಲೆ ಬದಲಿಸಿತು.

ಆದೇಶಗಣ ಮುಕ್ತವಾಗಿದ್ದ ಮಾತ್ರಕ್ಕೆ ಅದನ್ನು ಬಳಸಿದ ಎಲ್ಲ ಪ್ರೊಸೆಸರ್‌ಗಳೂ ಮುಕ್ತವಾಗಿರುವುದಿಲ್ಲ. ಹಲವು ಕಂಪನಿಗಳು ರಿಸ್ಕ್-ಫೈವ್ ಆಧರಿಸಿ ತಮ್ಮದೇ ಗೋಪ್ಯ ವಿನ್ಯಾಸಗಳನ್ನು ಮಾರುತ್ತವೆ. ಶಕ್ತಿಯಲ್ಲಿ ಆದೇಶಗಣವೂ ವಿನ್ಯಾಸವೂ ಮುಕ್ತವಾಗಿವೆ. ವಿನ್ಯಾಸವು ಬಿ.ಎಸ್.ಡಿ. ಪರವಾನಗಿಯಲ್ಲಿ ಪ್ರಕಟವಾಗಿದೆ.

ವಿನ್ಯಾಸ ಮತ್ತು ವರ್ಗಗಳು

ಶಕ್ತಿಯ ವಿನ್ಯಾಸವನ್ನು 'ಬ್ಲೂಸ್ಪೆಕ್' ಎಂಬ ಯಂತ್ರಾಂಶ ವಿವರಣಾ ಭಾಷೆಯಲ್ಲಿ ಬರೆಯಲಾಗಿದೆ. ಎಂ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಭಾರತೀಯ ಮೂಲದ ಗಣಕ ವಿಜ್ಞಾನಿ ಅರವಿಂದ್ ಅವರು ಈ ಭಾಷೆಯ ಹಿಂದಿನ ಕಂಪನಿಯ ಸ್ಥಾಪಕರಲ್ಲಿ ಒಬ್ಬರು. ಈ ಭಾಷೆಯ ಕಂಪೈಲರ್ 2020ರಲ್ಲಿ ಮುಕ್ತ ಆಕರವಾಯಿತು.

ಕುಟುಂಬದ ಮುಖ್ಯ ವರ್ಗಗಳು ಇಂತಿವೆ:

• ಇ ವರ್ಗ: ಕಡಿಮೆ ವಿದ್ಯುತ್ ಬಳಸುವ ಸಣ್ಣ ಉಪಕರಣಗಳಿಗೆ
• ಸಿ ವರ್ಗ: ನಿಯಂತ್ರಕಗಳಿಗೆ, ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸಬಲ್ಲದು
• ಐ ವರ್ಗ: 64 ಬಿಟ್‌ನ, ಆದೇಶಗಳನ್ನು ಅನುಕೂಲಕ್ಕೆ ತಕ್ಕಂತೆ ಕ್ರಮ ಬದಲಿಸಿ ನಿರ್ವಹಿಸುವ ವೇಗದ ಪ್ರೊಸೆಸರ್
• ಎಂ, ಎಸ್ ಮತ್ತು ಎಚ್ ವರ್ಗಗಳು: ಹಲವು ತಿರುಳುಗಳನ್ನು ಒಗ್ಗೂಡಿಸಿ ಮೇಜುಗಣಕ, ಸರ್ವರ್ ಮತ್ತು ಉನ್ನತ ಗಣನೆಗೆ ಉದ್ದೇಶಿಸಿದವು
• ಟಿ ಮತ್ತು ಎಫ್ ವರ್ಗಗಳು: ಕ್ರಮವಾಗಿ ಭದ್ರತೆ ಮತ್ತು ದೋಷಸಹಿಷ್ಣುತೆಯ ಪ್ರಯೋಗಗಳು

ತಯಾರಾದ ಚಿಪ್‌ಗಳು

2018ರಲ್ಲಿ 'ರೈಸ್‌ಕ್ರೀಕ್' ಹೆಸರಿನ ಮೊದಲ ಚಿಪ್‌ಗಳು ಅಮೆರಿಕದ ಇಂಟೆಲ್ ಕಾರ್ಖಾನೆಯಲ್ಲಿ 22 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ ತಯಾರಾದವು. ಅದೇ ವರ್ಷ 'ರಿಮೊ' ಎಂಬ ಚಿಪ್ ಚಂಡೀಗಢ ಬಳಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ 180 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ ಸಿದ್ಧವಾಯಿತು. 2020ರಲ್ಲಿ ಸಣ್ಣ ಉಪಕರಣಗಳಿಗಾಗಿ 'ಮೌಶಿಕ್' ಹೊರಬಂದಿತು.

2025ರ ಫೆಬ್ರವರಿಯಲ್ಲಿ ಪ್ರಕಟವಾದ 'ಐರಿಸ್' ಇಸ್ರೊ ಸಂಸ್ಥೆಯೊಡನೆ ಬಾಹ್ಯಾಕಾಶ ಬಳಕೆಗಾಗಿ ರೂಪಿಸಿದ 64 ಬಿಟ್ ನಿಯಂತ್ರಕವಾಗಿದೆ. ಇದರ ಅಗತ್ಯಗಳನ್ನು ತಿರುವನಂತಪುರದ ಇಸ್ರೊ ಘಟಕ ಸೂಚಿಸಿತು. ವಿನ್ಯಾಸ ಚೆನ್ನೈನಲ್ಲಿಯೂ, ತಯಾರಿಕೆ ಚಂಡೀಗಢದ ಪ್ರಯೋಗಾಲಯದಲ್ಲಿಯೂ, ಚಿಪ್‌ನ ಕವಚೀಕರಣ ಕರ್ನಾಟಕದ ಟಾಟಾ ಅಡ್ವಾನ್ಸ್‌ಡ್ ಸಿಸ್ಟಮ್ಸ್‌ನಲ್ಲಿಯೂ ನಡೆಯಿತು. ಹೀಗೆ ವಿನ್ಯಾಸದಿಂದ ಕವಚದವರೆಗಿನ ಹಂತಗಳೆಲ್ಲ ದೇಶದೊಳಗೇ ಪೂರ್ಣಗೊಂಡವು.

ಇತರ ಸ್ವದೇಶಿ ಪ್ರೊಸೆಸರ್‌ಗಳು

ತಿರುವನಂತಪುರದ ಸಿ-ಡ್ಯಾಕ್ ಕೇಂದ್ರವು ರಿಸ್ಕ್-ಫೈವ್ ಆಧರಿಸಿ 'ವೇಗ' ಸರಣಿಯನ್ನು ರೂಪಿಸಿದೆ. ಮುಂಬಯಿ ಐ.ಐ.ಟಿ.ಯ 'ಅಜಿತ್' ಪ್ರೊಸೆಸರ್ 'ಸ್ಪಾರ್ಕ್' ಎಂಬ ಹಳೆಯ ಆದೇಶಗಣವನ್ನು ಬಳಸುತ್ತದೆ. ಕೇಂದ್ರ ಸರ್ಕಾರವು ಶಕ್ತಿ ಮತ್ತು ವೇಗ ಯೋಜನೆಗಳನ್ನು ಮುಂದೊಯ್ಯಲು 2022ರ ಏಪ್ರಿಲ್‌ನಲ್ಲಿ 'ಡಿಐಆರ್-ವಿ' ಕಾರ್ಯಕ್ರಮವನ್ನು ಘೋಷಿಸಿತು.

ಇಸ್ರೊದ 'ವಿಕ್ರಮ್ 3201' ಬೇರೊಂದು ದಾರಿ ಹಿಡಿದಿದೆ. ಉಡಾವಣಾ ವಾಹನಗಳಿಗೆಂದು ರೂಪಿಸಿದ ಈ 32 ಬಿಟ್ ಪ್ರೊಸೆಸರ್‌ನ ಆದೇಶಗಣವೂ ಸ್ವಂತದ್ದು. ಅದರ ಫಲವಾಗಿ ಕಂಪೈಲರ್, ಅಸೆಂಬ್ಲರ್ ಮೊದಲಾದ ಸಾಧನಗಳನ್ನೆಲ್ಲ ಇಸ್ರೊ ತಾನೇ ಸಿದ್ಧಪಡಿಸಿಕೊಳ್ಳಬೇಕಾಯಿತು. ಮುಕ್ತ ಆದೇಶಗಣವನ್ನು ಆಯ್ದುಕೊಂಡ ಶಕ್ತಿಗೆ ಜಗತ್ತಿನ ಇತರರು ರಿಸ್ಕ್-ಫೈವ್‌ಗಾಗಿ ಬರೆದ ಕಂಪೈಲರ್ ಹಾಗೂ ಲಿನಕ್ಸ್ ತಂತ್ರಾಂಶಗಳು ಸಿದ್ಧವಾಗಿಯೇ ದೊರೆತವು.

ಮಿತಿಗಳು

ಶಕ್ತಿ ಮತ್ತು ಅದರಂಥ ಯೋಜನೆಗಳಿಂದ ಪರಾವಲಂಬನೆ ಪೂರ್ಣವಾಗಿ ನೀಗಿಲ್ಲ. ಚಂಡೀಗಢದ 180 ನ್ಯಾನೊಮೀಟರ್ ತಂತ್ರಜ್ಞಾನವು ಬಾಹ್ಯಾಕಾಶ ಮತ್ತು ನಿಯಂತ್ರಣ ಕಾರ್ಯಗಳಿಗೆ ಸಾಕಾಗುತ್ತದೆ. ಆದರೆ ಇಂದಿನ ಉನ್ನತ ದರ್ಜೆಯ ಮೊಬೈಲ್ ಚಿಪ್‌ಗಳು ಇದಕ್ಕಿಂತ ಬಹಳ ಸೂಕ್ಷ್ಮವಾದ ತಂತ್ರಜ್ಞಾನದಲ್ಲಿ ತಯಾರಾಗುತ್ತಿವೆ. ಚಿಪ್ ವಿನ್ಯಾಸಕ್ಕೆ ಬೇಕಾದ ಪ್ರಮುಖ ತಂತ್ರಾಂಶಗಳೂ ಬಹುಮಟ್ಟಿಗೆ ವಿದೇಶಿ ಕಂಪನಿಗಳವು. ಎಕ್ಸ್86ಕ್ಕಾಗಿ ಬರೆದ ಸಿದ್ಧ ತಂತ್ರಾಂಶಗಳು ಶಕ್ತಿಯಲ್ಲಿ ನೇರವಾಗಿ ನಡೆಯುವುದಿಲ್ಲ. ಅವನ್ನು ಮೂಲ ಆಕರದಿಂದ ಹೊಸದಾಗಿ ಪರಿವರ್ತಿಸಬೇಕಾಗುತ್ತದೆ.

ವಿನ್ಯಾಸವು ಬಹಿರಂಗವಾಗಿರುವುದರಿಂದ ಅದರಲ್ಲಿನ ದೋಷಗಳನ್ನೂ ಗುಪ್ತದ್ವಾರಗಳನ್ನೂ ಯಾವುದೇ ಪರಿಣತರು ಹುಡುಕಬಹುದು. ಆದರೆ ಪ್ರಕಟವಾದ ವಿನ್ಯಾಸವೇ ಚಿಪ್ಪಿನಲ್ಲಿ ಮೂಡಿದೆಯೆಂಬ ಭರವಸೆಗೆ ತಯಾರಕರ ಮೇಲಿನ ನಂಬಿಕೆಯೂ ಬೇಕು. ಆದ್ದರಿಂದ ಒಂದು ಪ್ರೊಸೆಸರನ್ನು 'ಸ್ವದೇಶಿ' ಎಂದು ಕರೆಯುವಾಗ ಆದೇಶಗಣ, ವಿನ್ಯಾಸ, ತಯಾರಿಕೆ ಇವುಗಳಲ್ಲಿ ಯಾವುದು ಯಾರದು ಎಂಬುದನ್ನು ಪ್ರತ್ಯೇಕವಾಗಿ ಗಮನಿಸಬೇಕಾಗುತ್ತದೆ. ಶಕ್ತಿಯ ಆದೇಶಗಣ ಜಗತ್ತಿನ ಎಲ್ಲರದು, ವಿನ್ಯಾಸ ಭಾರತದ್ದು. ಅತ್ಯಾಧುನಿಕ ತಯಾರಿಕೆ ಇನ್ನೂ ಕೈಗೂಡಬೇಕಾಗಿದೆ.

ಇವನ್ನೂ ನೋಡಿ

• ಅರೆವಾಹಕ
• ಮುಕ್ತ ತಂತ್ರಾಂಶ
• ಪರಮ್ ಸೂಪರ್‌ಕಂಪ್ಯೂಟರ್
• ಲಿನಕ್ಸ್