ಬಾಂದುಕಲ್ಲು ಮತ್ತು ಲಾವಂಚ

ಗುಂಡ್ಲುಪೇಟೆ ಸೀಮೆಯ ಹೊಲ ಅಳೆದ ಯಾವ ಸರ್ವೇಯರನ್ನು ಕೇಳಿದರೂ ಹೇಳುತ್ತಾನೆ: ಬಾಂದುಕಲ್ಲಿಗೆ ಕಾಲು ಬರುತ್ತದೆ, ಲಾವಂಚಕ್ಕೆ ಬರುವುದಿಲ್ಲ. ಹದ್ದುಬಸ್ತಿಗೆಂದು ನಾನು ಸರಪಳಿ ಹಿಡಿದು ಹೋದಾಗ ಅಣ್ಣ ಒಂದು ಕಲ್ಲು ತೋರಿಸಿದರೆ ತಮ್ಮ ಇನ್ನೊಂದು ತೋರಿಸುತ್ತಿದ್ದ. ನಡುವೆ ಆಳೆತ್ತರದ ಲಾವಂಚದ ಸಾಲಿದ್ದರೆ ಮಾತ್ರ ಇಬ್ಬರ ದನಿಯೂ ತಗ್ಗುತ್ತಿತ್ತು. 'ಅದು ನಮ್ ತಾತನ್ ಕಾಲದ್ದು ಸ್ವಾಮಿ' ಎಂದರೆ ಅಲ್ಲಿಗೆ ತಕರಾರು ಮುಗಿಯಿತು.

ಇದಕ್ಕೆ ಕಾರಣ ಆ ಹುಲ್ಲಿನ ಗುಣ. ದಕ್ಷಿಣದಲ್ಲಿ ಬೆಳೆಸುವ ಲಾವಂಚ ನಸುಗೆಂಪು ತೆನೆ ತೂಗಿದರೂ ಮೊಳೆಯುವ ಬೀಜ ಕಟ್ಟುವುದಿಲ್ಲ. ಗರಿಕೆಯಂತೆ ನೆಲದ ಮೇಲೆ ಹಬ್ಬಿ ಹೊಲಕ್ಕೆ ನುಗ್ಗುವುದೂ ಇಲ್ಲ. ಇದ್ದಲ್ಲೇ ಬುಡ ದಪ್ಪಗಾಗುತ್ತ 1.5ರಿಂದ 2 ಮೀಟರ್ ಏಳುತ್ತದೆ. ಬೇರು ಪಕ್ಕಕ್ಕೆ ಹೋಗದೆ ನೆಟ್ಟಗೆ 3 ಮೀಟರಿನಷ್ಟು ಇಳಿಯುತ್ತದೆ. ಕಲ್ಲನ್ನು ರಾತ್ರೋರಾತ್ರಿ ಸರಿಸಬಹುದು. ಇಂಥ ಸಾಲನ್ನು ಸರಿಸಬೇಕಾದರೆ ಊರೆಲ್ಲ ನೋಡುವಂತೆ ಹಗಲಿನಲ್ಲೇ ಅಗೆಯಬೇಕು.

ನೆಡುವ ಕ್ರಮವೂ ಸರಳ. ಮಳೆ ಹಿಡಿದ ಮೇಲೆ ಹಳೆಯ ಬುಡವೊಂದನ್ನು ಹಾರೆಯಿಂದ ಎಬ್ಬಿಸಿ, ಎರಡು ಮೂರು ತೆಂಡೆಗಳಾಗಿ ಸೀಳುತ್ತಾರೆ. ಗರಿಯನ್ನು ಗೇಣುದ್ದಕ್ಕೆ, ಬೇರನ್ನು ಅದರರ್ಧಕ್ಕೆ ಕತ್ತರಿಸಿ, 10ರಿಂದ 15 ಸೆಂ.ಮೀ. ಅಂತರದಲ್ಲಿ ಊರುತ್ತಾರೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬುಡಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಮೇಲೆ ಪ್ರತಿ ಉಳುಮೆಯಲ್ಲೂ ನೇಗಿಲು ಸಾಲಿನ ಅಂಚು ಸವರಿಕೊಂಡು ಹೋಗಿ, ಹೊರಗೆ ಇಣುಕಿದ ತೆಂಡೆಗಳನ್ನು ಕಿತ್ತೆಸೆಯುತ್ತದೆ. ಎರಡೂ ಕಡೆಯ ರೈತರು ಹೀಗೆ ಉತ್ತರೆ ಸಾಲು ಅಗಲವಾಗುವುದಿಲ್ಲ. ಎಳೆಯ ಗರಿ ದನಗಳ ಪಾಲು.

ಸಾಲು ಇಳಿಜಾರಿಗೆ ಅಡ್ಡವಾಗಿದ್ದರೆ ಇನ್ನೊಂದು ಲಾಭವಿದೆ. ಹರಿದು ಬಂದ ಮಳೆನೀರು ಬುಡಗಳಲ್ಲಿ ಸಿಕ್ಕಿ ನಿಧಾನವಾಗಿ ಸೋಸಿ ಹೋಗುತ್ತದೆ, ಮಣ್ಣು ಹಿಂದೆಯೇ ಉಳಿಯುತ್ತದೆ. ಮಣ್ಣು ಏರಿದಂತೆ ಹುಲ್ಲಿನ ಗಿಣ್ಣುಗಳಿಂದ ಹೊಸ ಬೇರು ಹೊರಟು ಬುಡವೂ ಮೇಲೇರುತ್ತದೆ. ಹಳೆಯ ಸಾಲುಗಳ ಬಳಿ ನಿಂತರೆ ಮೇಲಿನ ಹೊಲ ಮೆಟ್ಟಿಲಿನಂತೆ ಎತ್ತರವಾಗಿರುವುದು ಕಾಣುತ್ತದೆ.

ಪುಸ್ತಕಗಳಲ್ಲಿ ಸಿಗುವ ಲಾವಂಚದ ಚರಿತ್ರೆಯೇ ಬೇರೆ. ಅದೆಲ್ಲ ಬೇರಿನದು. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದಲ್ಲಿ ಬೆಂದ ಶಕುಂತಲೆಗೆ ಹಚ್ಚಲು ಹೋಗುವುದು ಲಾವಂಚದ ಲೇಪ. ಅಕ್ಬರನ ಆಜ್ಞೆಯಂತೆ ಬಿದಿರಿನ ಚೌಕಟ್ಟಿಗೆ ಈ ಬೇರು ತುಂಬಿ, ನೀರು ಚಿಮುಕಿಸಿ, ಬೇಸಗೆಯಲ್ಲಿ ತಂಪು ಮನೆ ಮಾಡುತ್ತಿದ್ದರೆಂದು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಬರೆದಿದ್ದಾನೆ. ಬ್ರಿಟಿಷರ ಬಂಗಲೆಗಳ ಬಾಗಿಲಿಗೆ ಇದೇ ಖಸ್ ತಟ್ಟಿ ಬಂತು. ಕನೌಜಿನ ಅತ್ತರಿನವರು ತಾಮ್ರದ ಪಾತ್ರೆಯಲ್ಲಿ ಇದರ ಎಣ್ಣೆ ಭಟ್ಟಿ ಇಳಿಸುತ್ತಾರೆ. ಇದೆಲ್ಲಕ್ಕೂ ಹುಲ್ಲನ್ನು ಬುಡಸಮೇತ ಕೀಳಲೇಬೇಕು. ಬದುವಿನ ರೈತನಿಗೆ ಬೇಕಾದದ್ದು ಅದು ನೆಲದಲ್ಲೇ ಉಳಿಯುವುದು. ಒಂದೇ ಸಾಲಿನಿಂದ ಸುಗಂಧವೂ ಗಡಿಯೂ ಸಿಗುವುದಿಲ್ಲ. ದುಡ್ಡು ತಂದದ್ದು ಸುಗಂಧವಾದ್ದರಿಂದ ಬರವಣಿಗೆಯೂ ಅದರ ಹಿಂದೆಯೇ ಹೋಯಿತು.

ಬದುವಿನ ಹುಲ್ಲನ್ನು ಹೊರಜಗತ್ತು ಗಮನಿಸಿದ್ದು 1980ರ ದಶಕದಲ್ಲಿ. ವಿಶ್ವಬ್ಯಾಂಕಿನ ಪರವಾಗಿ ಭಾರತದಲ್ಲಿದ್ದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣಿನ ಸವಕಳಿಗೆ ಅಗ್ಗದ ಮದ್ದು ಹುಡುಕುತ್ತಿದ್ದರು. ಗ್ರೀನ್‌ಫೀಲ್ಡ್ 1950ರ ದಶಕದಲ್ಲೇ ಫಿಜಿಯ ಕಬ್ಬಿನ ಗದ್ದೆಗಳಲ್ಲಿ ಲಾವಂಚ ನೆಡಿಸಿದ್ದವರು. ಗುಂಡ್ಲುಪೇಟೆಗೆ ಬಂದರೆ ಇಲ್ಲಿನವರು ಯಾರೂ ಹೇಳಿಕೊಡದೆ ತಲೆಮಾರುಗಳಿಂದ ಅದನ್ನೇ ಮಾಡುತ್ತಿದ್ದರು. 1987ರಲ್ಲಿ ವಿಶ್ವಬ್ಯಾಂಕಿನ ಕೈಪಿಡಿ ಬಂತು. 1993ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಲಾವಂಚದ ಮೇಲೆಯೇ ಒಂದು ವರದಿ ಪ್ರಕಟಿಸಿತು. ತಜ್ಞರು ಒಂದನ್ನು ಮಾತ್ರ ಬದಲಿಸಿದರು: ಸಾಲು ಗಡಿಯ ಗುಂಟ ಅಲ್ಲ, ಇಳಿಜಾರಿನ ಸಮಮಟ್ಟದ ಗೆರೆಯ ಗುಂಟ ಇರಬೇಕೆಂದರು. ಮಣ್ಣಿನ ಲೆಕ್ಕದಲ್ಲಿ ಅದು ಸರಿ. ಆದರೆ ಆ ಗೆರೆ ಒಬ್ಬನ ಹೊಲದಿಂದ ಇನ್ನೊಬ್ಬನ ಹೊಲಕ್ಕೆ ದಾಟುತ್ತದೆ, ಅದನ್ನು ಕಾಯುವವರು ಯಾರು? ಗಡಿಯ ಸಾಲಿಗಾದರೆ ಇಬ್ಬರು ಕಾವಲುಗಾರರು, ಪರಸ್ಪರ ಅನುಮಾನವೇ ಅವರ ಸಂಬಳ.

ಈಗ ಹಿಸ್ಸೆಯಾದ ಹೊಲಗಳಿಗೆ ಕಲ್ಲುಕಂಬ, ತಂತಿಬೇಲಿ ಬರುತ್ತಿವೆ. ಗೇಣು ಜಾಗವೂ ಬೇಕೆಂದು ಲಾವಂಚವನ್ನು ಜೆಸಿಬಿಯಲ್ಲಿ ಎಬ್ಬಿಸುತ್ತಾರೆ. ತಂತಿ ಗಡಿ ಕಾಯುತ್ತದೆ ನಿಜ. ಕೆಂಪು ನೀರು ಅದರಡಿಯಲ್ಲೇ ಹರಿದು ಹಳ್ಳ ಸೇರುತ್ತದೆ. ಮರುವರ್ಷವೂ ಪಹಣಿಯಲ್ಲಿ ಎಕರೆ ಗುಂಟೆ ಅಷ್ಟೇ ಇರುತ್ತದೆ. ಹೋದ ಮಣ್ಣನ್ನು ಬರೆಯಲು ಅದರಲ್ಲಿ ಕಾಲಂ ಇಲ್ಲ.